ಮೈಸೂರು ಮಹಾರಾಜರ ಧ್ವನಿವರ್ಧಕಗಳು

೧೯೪೯ರಲ್ಲಿ ವಾಲ್ಟರ್ ಲೆಗ್ ಎಂಬ ಆಂಗ್ಲನೊಬ್ಬ ಮೈಸೂರಿಗೆ ಬಂದ. ಎಚ್. ಎಂ. ವಿ., ಕೊಲಂಬಿಯಾ ಎಂಬ ಹೆಸರುಗಳಲ್ಲಿ ಪ್ಲೇಟುಗಳನ್ನು ಹೊರಡಿಸುತ್ತಿದ್ದ ಲಂಡನ್ನಿನ ಇ. ಎಂ. ಐ. ಕಂಪನಿಯಲ್ಲಿ ಯಾರು ಹಾಡಬೇಕು, ಏನನ್ನು ಹಾಡಬೇಕು, ಯಾವುದು ಪ್ಲೇಟಾಗಿ ಹೊರಬರಬೇಕು ಎಂಬುದನ್ನು ಗೊತ್ತುಮಾಡುತ್ತಿದ್ದವರಲ್ಲಿ ಅವನು ಪ್ರಮುಖ. ೧೯೪೫ರಲ್ಲಿ ಫಿಲ್ಹಾರ್ಮೋನಿಯಾ ಎಂಬ ವಾದ್ಯವೃಂದವನ್ನು ಕಟ್ಟಿದವನೂ ಅವನೇ. ಯೂರೋಪಿನ ದೊಡ್ಡ ದೊಡ್ಡ ಸಂಗೀತಗಾರರೊಡನೆ ಪಳಗಿದ್ದ, ಸುಲಭವಾಗಿ ಯಾವುದಕ್ಕೂ ಬೆರಗಾಗದ ಈ ಮನುಷ್ಯ ಮೈಸೂರಿನಲ್ಲಿ ಬೆರಗಾದ. ಮಹಾರಾಜರು ಮೂವತ್ತರ ಹೊಸ್ತಿಲಲ್ಲಿದ್ದ ತರುಣರು. ಅವರ ಅರಮನೆಗಳಲ್ಲೊಂದರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ಲೇಟುಗಳ ಭಂಡಾರ. ಅದರಲ್ಲಿ ಇಲ್ಲದ್ದು ಯಾವುದೆಂದು ಹುಡುಕಬೇಕು, ಅಷ್ಟು ದೊಡ್ಡದು. ಜೊತೆಗೆ ಕಚೇರಿಗೆ ಒದಗುವಂಥ ದೊಡ್ಡ ಪಿಯಾನೋಗಳು ಹಲವು. ಮತ್ತೆ, ಒಂದಲ್ಲ ಎರಡಲ್ಲ, ಬಗೆಬಗೆಯ ಧ್ವನಿವರ್ಧಕಗಳ ಸಾಲು. ಇಷ್ಟನ್ನೂ ಲೆಗ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಅವನ ಹೆಂಡತಿ, ಪ್ರಸಿದ್ಧ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್, ಅವನು ತೀರಿಕೊಂಡ ಮೇಲೆ ೧೯೮೨ರಲ್ಲಿ ಅದನ್ನು ಪುಸ್ತಕವಾಗಿ ಹೊರತಂದಳು.

ಜಯಚಾಮರಾಜ ಒಡೆಯರ ಸಂಗೀತಾಭಿಮಾನದ ಮಾತು ಬಂದಾಗ ನಾವು ಪ್ಲೇಟುಗಳನ್ನು ಎಣಿಸುತ್ತೇವೆ, ಪಿಯಾನೋಗಳನ್ನು ನೆನೆಯುತ್ತೇವೆ. ಸ್ಪೀಕರುಗಳ ಸಾಲನ್ನು ನಿಂತು ನೋಡುವವರು ಕಡಿಮೆ. ನನಗೆ ಮಾತ್ರ ಆ ಸಾಲಿನ ಮೇಲೆಯೇ ಕಣ್ಣು. ಒಂದು ಕೊಠಡಿಯಲ್ಲಿ ಕುಳಿತು ಸಂಗೀತ ಕೇಳುವುದಕ್ಕೆ ಒಂದು ಸ್ಪೀಕರು ಸಾಲದೆ? ಸ್ವತಃ ಪಿಯಾನೋ ನುಡಿಸಬಲ್ಲವರು, ಬೇಕೆಂದಾಗ ವಿದ್ವಾಂಸರನ್ನು ಕರೆಸಿ ಎದುರಿಗೇ ಕೇಳಬಲ್ಲವರು, ಈ ಮರದ ಪೆಟ್ಟಿಗೆಗಳನ್ನು ಒಂದಾದ ಮೇಲೊಂದು ಏಕೆ ತರಿಸಿಕೊಂಡರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ನಮ್ಮನ್ನು ತುಸು ದೂರ ಕರೆದುಕೊಂಡು ಹೋಗುತ್ತದೆ.

ಮೊದಲಿಗೆ ಸ್ಪೀಕರೇ ಇರಲಿಲ್ಲ. ಇದ್ದದ್ದು ಕಹಳೆ. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಆಕೆಯ ಎದುರಿಗಿದ್ದದ್ದು ಮೈಕಲ್ಲ, ತಗಡಿನ ದೊಡ್ಡ ಕಹಳೆ. ಅದರೊಳಕ್ಕೆ ಮುಖವಿಟ್ಟು ಹಾಡಿದರೆ ಕಂಠದ ಬಲವೇ ಮುಳ್ಳನ್ನು ಅಲುಗಾಡಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಮನೆಯಲ್ಲಿ ಕೇಳುವಾಗ ಇದೇ ಕೆಲಸ ಹಿಂದುಮುಂದಾಗಿ ನಡೆಯುತ್ತಿತ್ತು: ಮುಳ್ಳು ಅಲುಗಾಡುವುದು, ಅದರ ತಲೆಯಲ್ಲಿನ ತೆಳುಬಿಲ್ಲೆ ನಡುಗುವುದು, ಕಹಳೆ ಆ ನಡುಕವನ್ನು ಕೊಠಡಿಯ ಗಾಳಿಗೆ ಒಪ್ಪಿಸುವುದು. ಎಲ್ಲಿಯೂ ವಿದ್ಯುತ್ತಿಲ್ಲ, ಕೀಲಿ ಕೊಟ್ಟರೆ ಮುಗಿಯಿತು. ಆ ಗೌಹರ್ ಜಾನಳೇ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದಳು. ಹಿಂದೂದೇಶದ ಗ್ರಾಮಫೋನಿನ ಮೊದಲ ತಾರೆ ನಮ್ಮ ಊರಿನ ಮಣ್ಣಿನಲ್ಲಿ ಮಲಗಿದ್ದಾಳೆಂಬುದು ಎಷ್ಟೋ ಮಂದಿಗೆ ತಿಳಿಯದು.

ಕಹಳೆಯ ಕಾಲದ ಪ್ಲೇಟು ಹಿಡಿದದ್ದು ಬಹು ಸ್ವಲ್ಪ. ಸ್ಥೂಲವಾಗಿ ಹೇಳುವುದಾದರೆ ಸೆಕೆಂಡಿಗೆ ೨೫೦ ಕಂಪನಗಳ ಕೆಳಗಿನ ನಾದವೂ ಅದಕ್ಕೆ ಸಿಕ್ಕುತ್ತಿರಲಿಲ್ಲ, ೨,೫೦೦ರ ಮೇಲಿನದೂ ಅಷ್ಟಾಗಿ ಸಿಕ್ಕುತ್ತಿರಲಿಲ್ಲ. ನಮ್ಮ ವೀಣೆಯ ಮಂದ್ರ, ಅನುಮಂದ್ರ ತಂತಿಗಳ ಮೂಲಕಂಪನ ನೂರರ ಆಚೀಚೆ. ಎಂದರೆ ಆ ಪ್ಲೇಟುಗಳಲ್ಲಿ ಮಂದ್ರದ ತಂತಿ ಮೀಟಿದಾಗ ಮೂಲನಾದ ಅಲ್ಲಿ ಇರುವುದೇ ಇಲ್ಲ. ಅದರ ಮೇಲಿನ ಉಪಸ್ವರಗಳಷ್ಟೇ ಇರುತ್ತವೆ. ಆದರೂ ಕೇಳಿದವರಿಗೆ ಮಂದ್ರವೇ ಕೇಳಿಸಿತು. ಇದು ಕಿವಿಯ ವಿಶೇಷ. ಮೇಲಿನ ಸ್ವರಗಳ ಅಂತರವನ್ನು ಗುರುತಿಸಿ, ಇಲ್ಲದ ಮೂಲಸ್ವರವನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಅಂದಿನ ಕೇಳುಗರು ಯಂತ್ರಕ್ಕೆ ಕೊಟ್ಟ ಕೀರ್ತಿಯಲ್ಲಿ ಅರ್ಧಪಾಲು ಅವರ ಕಿವಿಗೇ ಸಲ್ಲಬೇಕಾದದ್ದು.

ಈ ಔದಾರ್ಯವನ್ನು ಚೆನ್ನಾಗಿ ಬಲ್ಲವನು ಎಡಿಸನ್. ೧೯೧೫ರಿಂದ ಸುಮಾರು ಹತ್ತು ವರ್ಷ ಅವನ ಕಂಪನಿಯವರು ಅಮೆರಿಕದ ಊರೂರುಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ವೇದಿಕೆಯ ಮೇಲೆ ಫೋನೋಗ್ರಾಫು, ಅದರ ಪಕ್ಕದಲ್ಲಿ ಪ್ಲೇಟಿನಲ್ಲಿ ಹಾಡಿದ ಗಾಯಕಿಯೇ ನಿಂತು ಹಾಡುವುದು. ನಡುವೆ ದೀಪ ಆರುವುದು, ಹಾಡು ಮುಂದುವರಿಯುವುದು, ದೀಪ ಹತ್ತಿದಾಗ ನೋಡಿದರೆ ಗಾಯಕಿಯೇ ಇಲ್ಲ, ಹಾಡುತ್ತಿರುವುದು ಯಂತ್ರ! ಜನ ತಲೆದೂಗಿದರು, ಪತ್ರಿಕೆಗಳು ಹೊಗಳಿದವು. ಇಂದು ಆ ಪ್ಲೇಟುಗಳನ್ನು ಕೇಳಿದವರು, ಡಬ್ಬಿಯೊಳಗಿನಿಂದ ಬಂದಂಥ ಈ ದನಿಗೆ ಅವರು ಹೇಗೆ ಮೋಸಹೋದರೋ ಎಂದು ನಗುತ್ತಾರೆ. ಆನಾ ಕೇಸ್ ಎಂಬ ಗಾಯಕಿ ಎಷ್ಟೋ ವರ್ಷಗಳ ಮೇಲೆ ಗುಟ್ಟು ಬಿಟ್ಟುಕೊಟ್ಟಳು: ಆಕೆ ತನ್ನ ಕಂಠವನ್ನೇ ಯಂತ್ರದ ದನಿಗೆ ಸರಿಯಾಗಿ ಕುಗ್ಗಿಸಿಕೊಂಡು ಹಾಡುತ್ತಿದ್ದಳಂತೆ. ಯಂತ್ರ ಮನುಷ್ಯನನ್ನು ಅನುಕರಿಸಿತೆಂದು ಜನ ತಿಳಿದರು. ನಡೆದದ್ದು ಅದಕ್ಕೆ ವಿರುದ್ಧ.

ವಿದ್ಯುತ್ತಿನ ಧ್ವನಿಮುದ್ರಣ ಬಂದದ್ದು ೧೯೨೫ರಲ್ಲಿ. ಅದೇ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು, ನಾವು ಇಂದೂ ಬಳಸುತ್ತಿರುವ ಸ್ಪೀಕರಿನ ಮಾದರಿಯನ್ನು ವಿದ್ವಾಂಸರ ಮುಂದಿಟ್ಟರು. (ವೀಣೆ ಶೇಷಣ್ಣನವರು ತೀರಿಕೊಂಡದ್ದು ೧೯೨೬ರಲ್ಲಿ. ಈ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿ ಬರೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.) ಅದರ ತತ್ತ್ವ ಸರಳ. ಕಡಲೆಕಾಯಿಯ ಪೊಟ್ಟಣವನ್ನು ಅಗಲವಾಗಿ ಬಿಡಿಸಿದಂತಿರುವ ಕಾಗದದ ಶಂಕು; ಅದರ ಚೂಪಾದ ಕೊನೆಗೆ ತಂತಿಯ ಸಣ್ಣ ಸುರುಳಿ; ಆ ಸುರುಳಿ ಬಲವಾದ ಅಯಸ್ಕಾಂತದ ಸಂದಿನಲ್ಲಿ ತೂಗಿದೆ. ಸಂಗೀತ ವಿದ್ಯುತ್ತಾಗಿ ಸುರುಳಿಯಲ್ಲಿ ಹರಿದರೆ ಸುರುಳಿ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ, ಕಾಗದ ಗಾಳಿಯನ್ನು ದೂಡುತ್ತದೆ. ಇಷ್ಟೇ.

ಇಷ್ಟೇ ಆಗಿದ್ದರೆ ನಮ್ಮ ಮಹಾರಾಜರಿಗೆ ಒಂದು ಸ್ಪೀಕರು ಸಾಕಾಗುತ್ತಿತ್ತು. ತೊಡಕಿರುವುದು ಕಾಗದದ ಬೆನ್ನಿನಲ್ಲಿ. ಕಾಗದ ಮುಂದೆ ಸರಿದು ಎದುರಿನ ಗಾಳಿಯನ್ನು ಒತ್ತಿದಾಗ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಈ ಒತ್ತಡವೂ ಆ ಸಡಿಲವೂ ಅಂಚಿನಲ್ಲಿ ಒಂದನ್ನೊಂದು ಕೂಡಿ ಎರಡೂ ಇಲ್ಲವಾಗುತ್ತವೆ. ಮಂದ್ರನಾದದಲ್ಲಿ ಈ ನಷ್ಟ ಹೆಚ್ಚು, ಏಕೆಂದರೆ ಅದರ ಅಲೆ ಬಹಳ ಉದ್ದ: ಸೆಕೆಂಡಿಗೆ ೪೦ ಕಂಪನದ ಅಲೆ ಸುಮಾರು ೨೮ ಅಡಿ. ಆದ್ದರಿಂದ ಮುಂದನ್ನೂ ಹಿಂದನ್ನೂ ಬೇರ್ಪಡಿಸಲು ದೊಡ್ಡ ಹಲಗೆ ಬೇಕು, ಇಲ್ಲವೆ ಪೆಟ್ಟಿಗೆ ಬೇಕು. ಪೆಟ್ಟಿಗೆಯನ್ನು ಕಟ್ಟಿದ ಕೂಡಲೆ ಪೆಟ್ಟಿಗೆಯೇ ಹಾಡತೊಡಗುತ್ತದೆ!

ವೀಣೆ ಮಾಡುವ ಆಚಾರಿ ಹಲಸಿನ ಮರವನ್ನು ಕೊರೆದು ಕೊಡವನ್ನು ಮಾಡುವುದು ಅದು ನುಡಿಯಲೆಂದು. ತಟ್ಟಿ ನೋಡಿ, ಕಿವಿಗೊಟ್ಟು, ಮರದ ದಪ್ಪವನ್ನು ಇಳಿಸುತ್ತಾನೆ. ತಂಬೂರಿಯ ಬುರುಡೆಯೂ ಹಾಗೆಯೇ. ಸ್ಪೀಕರಿನ ಪೆಟ್ಟಿಗೆ ಮಾಡುವವನ ಕಷ್ಟ ಇದಕ್ಕೆ ತಿರುಗುಮುರುಗು. ಅವನ ಮರ ಮೂಕವಾಗಿರಬೇಕು. ವೀಣೆಗೆ ತನ್ನ ದನಿ ಇಲ್ಲದಿದ್ದರೆ ಅದು ಸೌದೆ. ಸ್ಪೀಕರಿಗೆ ತನ್ನ ದನಿ ಇದ್ದರೆ ಅದು ದೋಷ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ವಾರ್ಫ್‌ಡೇಲ್ ಎಂಬ ಹೆಸರಿನಿಂದ ಸ್ಪೀಕರು ಮಾಡುತ್ತಿದ್ದ ಗಿಲ್ಬರ್ಟ್ ಬ್ರಿಗ್ಸ್ ಎರಡು ಹಲಗೆಗಳ ನಡುವೆ ಮರಳು ತುಂಬಿದ. ಕೊಠಡಿಯ ಮೂಲೆಯಲ್ಲಿ ಇಟ್ಟಿಗೆಯ ಗೋಡೆ ಎಬ್ಬಿಸಿ ಅದರೊಳಗೆ ಸ್ಪೀಕರನ್ನು ಕೂರಿಸುವ ಬಗೆಯನ್ನೂ ಹೇಳಿಕೊಟ್ಟ. ತನ್ನ ಮನೆಯ ನೆಲಮಾಳಿಗೆಯಲ್ಲಿ ಕಸುಬು ಆರಂಭಿಸಿದವನು ಅವನು. ೧೯೪೮ರಲ್ಲಿ ಸ್ಪೀಕರುಗಳನ್ನು ಕುರಿತು ಅವನು ಬರೆದ ಪುಸ್ತಕ ಸಾಮಾನ್ಯ ಓದುಗರ ಕೈಗೂ ಸೇರಿತು.

ಎಲ್ಲರೂ ಹೊಸದಕ್ಕೆ ಒಲಿದರೆಂದು ತಿಳಿಯಬಾರದು. ಲಂಡನ್ನಿನ ಇ. ಎಂ. ಜಿ. ಎಂಬ ಸಣ್ಣ ಕಾರ್ಖಾನೆಯವರು ೧೯೩೦ರ ದಶಕದಲ್ಲಿಯೂ ಕಾಗದದ ರೊಟ್ಟಿನಿಂದ ಎರಡೂವರೆ ಅಡಿಗೂ ಮಿಕ್ಕ ಬಾಯಿಯ ಕಹಳೆಗಳನ್ನು ಮಾಡಿ ಮಾರುತ್ತಿದ್ದರು. ಕೊಳ್ಳುವವರು ತಿಳಿಯದವರಲ್ಲ, ರಸಿಕರು. ವಿದ್ಯುತ್ತಿನ ಸ್ಪೀಕರು ಗುಡುಗುತ್ತದೆ, ನಮ್ಮ ಕಹಳೆ ಹಾಡುತ್ತದೆ ಎಂಬುದು ಅವರ ವಾದ. ಆ ಕಾಲದ ಸ್ಪೀಕರುಗಳ ಮಟ್ಟಿಗೆ ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ.

ಹೀಗಿರಲು, ೧೯೪೦ರ ದಶಕದ ಶ್ರೀಮಂತ ರಸಿಕನ ಮುಂದೆ ಒಂದೊಂದು ದೇಶದಿಂದ ಒಂದೊಂದು ಬಗೆಯ ಉತ್ತರ ಬಂದು ನಿಂತಿತ್ತು. ಇಂಗ್ಲೆಂಡಿನ ಪಾಲ್ ವಾಯ್ಟ್ ಮತ್ತು ಅಮೆರಿಕದ ಪಾಲ್ ಕ್ಲಿಪ್ಷ್ ಇಬ್ಬರೂ ಕಹಳೆಯನ್ನು ಬಿಡದೆ, ಅದನ್ನು ಕೊಠಡಿಯ ಮೂಲೆಗೆ ತಳ್ಳಿ, ಮನೆಯ ಗೋಡೆಗಳನ್ನೇ ಕಹಳೆಯ ಬಾಯಿಯನ್ನಾಗಿ ಮಾಡಿಕೊಂಡರು. ೧೯೪೬ರಲ್ಲಿ ಮಾರಾಟಕ್ಕೆ ಹೊರಟ ಕ್ಲಿಪ್ಷನ ಪೆಟ್ಟಿಗೆ ಬೀರುವಿನಷ್ಟು ದೊಡ್ಡದಾದರೂ ಅದರ ಮಂದ್ರಕ್ಕೆ ಇಡೀ ಕೊಠಡಿಯೇ ವಾದ್ಯ. ಲಂಡನ್ನಿನ ಟ್ಯಾನಾಯ್ ಕಂಪನಿ ೧೯೪೭ರಲ್ಲಿ ಬೇರೊಂದು ದಾರಿ ಹಿಡಿಯಿತು: ೧೫ ಅಂಗುಲದ ಶಂಕುವಿನ ನಡುವೆಯೇ ತಾರಸ್ವರದ ಸಣ್ಣ ಕಹಳೆಯನ್ನು ತೂರಿಸಿ, ಮಂದ್ರವೂ ತಾರವೂ ಒಂದೇ ಬಿಂದುವಿನಿಂದ ಹೊರಡುವಂತೆ ಮಾಡಿತು. (ಇಂಗ್ಲೆಂಡಿನಲ್ಲಿ ರೈಲ್ವೆ ನಿಲ್ದಾಣದ ಧ್ವನಿವರ್ಧಕಕ್ಕೆ ಜನ ‘ಟ್ಯಾನಾಯ್’ ಎಂದೇ ಹೆಸರಿಟ್ಟುಬಿಟ್ಟರು, ನಮ್ಮಲ್ಲಿ ಕಂಬದ ಮೇಲಿನ ಸ್ಪೀಕರಿಗೂ ‘ಮೈಕು’ ಎನ್ನುವುದಿಲ್ಲವೆ, ಹಾಗೆ.) ಒಂದು ಪಿಯಾನೋಗೆ ಒಪ್ಪಿದರೆ ಕಂಠಕ್ಕೆ ಒಪ್ಪದು, ಮತ್ತೊಂದು ಪಿಟೀಲಿಗೆ ಹಿತವಾದರೆ ತುತ್ತೂರಿಗೆ ಒಡೆದ ದನಿ. ಎಲ್ಲಕ್ಕೂ ಒಗ್ಗುವುದು ಯಾವುದೂ ಇರಲಿಲ್ಲ. ಅರಮನೆಯಲ್ಲಿ ಸಾಲು ಏಕಿತ್ತೆಂಬುದಕ್ಕೆ ನಾನು ಊಹಿಸುವ ಕಾರಣ ಇದೇ. ಅದು ಸಿರಿವಂತಿಕೆಯ ಮೆರವಣಿಗೆಯಲ್ಲ. ಪಿಯಾನೋದ ನಿಜವಾದ ದನಿಯನ್ನು ಬೆರಳತುದಿಯಲ್ಲಿ ಬಲ್ಲವನೊಬ್ಬನ ಹುಡುಕಾಟ. ಪಕ್ಕದಲ್ಲೇ ಪಿಯಾನೋ ಇಟ್ಟುಕೊಂಡು ಸ್ಪೀಕರು ಕೇಳುವವನಿಗೆ ಸಮಾಧಾನವಾಗುವುದು ಕಷ್ಟ.

ಅರಮನೆಯ ಹೊರಗಿನ ಮಾತು ಬೇರೆ. ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ೩೦ ವಾಟಿನ ಬಾನುಲಿಯನ್ನು ನಡೆಸಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟಾಗ ಊರಿನ ಸಾಮಾನ್ಯರ ಕಿವಿಗೆ ಸ್ಪೀಕರಿನ ಪರಿಚಯವಾದದ್ದು. ಅವರಿಗೆ ಕೇಳಿಸಿದರೆ ಸಾಕಾಗಿತ್ತು.

ಹೊಸ ಸ್ಪೀಕರು ಮನೆಗೆ ಬಂದರೆ ಏನಾಗುತ್ತದೆಂಬುದನ್ನು ನಾನೊಮ್ಮೆ ಹತ್ತಿರದಿಂದ ಕಂಡಿದ್ದೇನೆ. ಭೌತಶಾಸ್ತ್ರ ಹೇಳುವ ನನ್ನ ಸಹೋದ್ಯೋಗಿಯೊಬ್ಬರು ಕೆಲವು ವರ್ಷಗಳ ಹಿಂದೆ ನಡುಮನೆಯ ಹಳೆಯ ಸ್ಪೀಕರುಗಳನ್ನು ಕೊಟ್ಟುಬಿಟ್ಟು, ಸಾಲ ಮಾಡಿಯೇ ಇರಬೇಕು, ಎದೆಯೆತ್ತರದ ಹೊಸ ಜೋಡಿಯನ್ನು ತಂದರು. “ಬನ್ನಿ ಮೇಷ್ಟ್ರೆ, ವೀಣೆ ಕೇಳೋರಂತೆ” ಎಂದು ಕರೆದರು. ಹಾಕಿದ್ದು ನಾವಿಬ್ಬರೂ ನೂರು ಸಲ ಕೇಳಿದ್ದ ಹಳೆಯ ಧ್ವನಿಮುದ್ರಣ. ವೀಣೆ ಕೇಳಿಸಿತು, ನಿಜ. ಎಡಗೈಯ ಬೆರಳು ಮೆಟ್ಟಿನಿಂದ ಮೆಟ್ಟಿಗೆ ಜಾರುವ ಸಪ್ಪಳವೂ ಕೇಳಿಸಿತು. ಅದರ ಹಿಂದೆ ಇಡೀ ಹೊತ್ತು ಸುಂಯ್ ಎನ್ನುವ ಟೇಪಿನ ಸದ್ದು, ಎಲ್ಲಿಯೋ ಫ್ಯಾನು ತಿರುಗುವುದು, ಯಾರೋ ಕೆಮ್ಮಿದ್ದು. ಒಳಗಿನಿಂದ ಅವರ ತಾಯಿ, “ಮೊದಲಿಂದೇ ಚೆನ್ನಾಗಿತ್ತು ಕಣೋ, ಇದೇನು ಅಕ್ಕಿ ಹುರಿದ ಹಾಗೆ!” ಎಂದರು. ಸ್ನೇಹಿತರ ಮುಖ ಸಣ್ಣದಾಯಿತು. ಆಮೇಲಿನ ಒಂದು ವರ್ಷ ಅವರು ಸ್ಪೀಕರಿನ ಮಾತೆತ್ತಲಿಲ್ಲ; ಒಳ್ಳೆಯ ಧ್ವನಿಮುದ್ರಣಗಳನ್ನು ಹುಡುಕುತ್ತ ಅಲೆದರು.

ಈ ಅಲೆದಾಟವೇ ಮಹಾರಾಜರನ್ನೂ ಹಿಡಿಯಿತೆಂದು ನನಗೆ ತೋರುತ್ತದೆ. ಅವರ ಅಲೆದಾಟಕ್ಕೆ ಲಂಡನ್ನಿನವರೆಗೆ ದಾರಿಯಿತ್ತು ಎಂಬುದೊಂದೇ ವ್ಯತ್ಯಾಸ. ಯುದ್ಧಕಾಲದಲ್ಲಿ ಜಲಾಂತರ್ಗಾಮಿಗಳ ಸದ್ದನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸಲು ಡೆಕ್ಕಾ ಕಂಪನಿಯವರು ಕಲಿತ ವಿದ್ಯೆ ಯುದ್ಧ ಮುಗಿದ ಮೇಲೆ ಸಂಗೀತಕ್ಕೆ ಒದಗಿತು. ೧೪,೦೦೦ ಕಂಪನಗಳವರೆಗಿನ ನಾದವನ್ನು ಪ್ಲೇಟಿನ ಮೇಲೆ ಕೊರೆಯುವುದು ಸಾಧ್ಯವಾಯಿತು. ಸ್ಪೀಕರೂ ಸಿದ್ಧ, ಮುದ್ರಣದ ವಿದ್ಯೆಯೂ ಸಿದ್ಧ. ಬೇಕಾದ ಸಂಗೀತ ಮಾತ್ರ ಪ್ಲೇಟಿನಲ್ಲಿಲ್ಲ.

ಜಯಚಾಮರಾಜ ಒಡೆಯರು ಹುಟ್ಟಿದ್ದು ೧೯೧೯ರಲ್ಲಿ. ಪಿಯಾನೋದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿ ಪಡೆದವರು. ಕಚೇರಿಯ ವಾದಕನಾಗಬೇಕೆಂಬ ಆಸೆ ಇದ್ದವರು. ೧೯೪೦ರ ಮಾರ್ಚಿನಲ್ಲಿ ತಂದೆ ಯುವರಾಜರು ಹೋದರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ಹೋದರು. ಇಪ್ಪತ್ತೊಂದರ ಹುಡುಗನಿಗೆ ಸಿಂಹಾಸನ ಬಂತು, ಪಿಯಾನೋ ಹಿಂದೆ ಸರಿಯಿತು. ಉಳಿದದ್ದು ಪ್ಲೇಟುಗಳು. ಅವರ ಸಂಗ್ರಹ ಸುಮಾರು ೨೦,೦೦೦ ಎಂದು ಅಂದಾಜು. ಪ್ಲೇಟೆಂದರೆ ಆಗಿನ ಪ್ಲೇಟು, ಅರಗಿನದು. ನಮ್ಮ ದೇಶದ ಕಾಡುಗಳ ಅರಗು ಹಡಗು ಹತ್ತಿ ಸೀಮೆಗೆ ಹೋಗಿ, ಬೀಥೋವನ್ ಆಗಿ ಹಿಂದಕ್ಕೆ ಬರುತ್ತಿತ್ತು. (ಅರಗಿನ ಮನೆಯ ಕಥೆ ಬಲ್ಲ ನಮಗೆ, ಅರಮನೆಯೊಳಗೆ ಇಪ್ಪತ್ತು ಸಾವಿರ ಅರಗಿನ ಬಿಲ್ಲೆ ಎಂದರೆ ತುಸು ಕಳವಳವೇ.) ಒಂದೊಂದು ಪಕ್ಕ ನಾಲ್ಕು ನಿಮಿಷದ ಆಸುಪಾಸು. ಮೂವತ್ತೈದು ನಿಮಿಷದ ಕೃತಿಗೆ ನಾಲ್ಕೈದು ಪ್ಲೇಟು. ಒಂಬತ್ತು ಸಲವಾದರೂ ಯಾರಾದರೂ ಎದ್ದು ಮುಳ್ಳಿಡಬೇಕು.

ಅವರಿಗೆ ಮೆಚ್ಚಿನ ಸಂಗೀತಗಾರರಲ್ಲಿ ನಿಕೊಲಾಯ್ ಮೆಟ್ನರ್ ಒಬ್ಬ. ೧೮೮೦ರಲ್ಲಿ ಹುಟ್ಟಿದ ರಷ್ಯನ್, ರಾಹ್ಮಾನಿನಾಫನ ಗೆಳೆಯ, ಕ್ರಾಂತಿಯ ತರುವಾಯ ೧೯೨೧ರಲ್ಲಿ ದೇಶ ಬಿಟ್ಟು ಅಲ್ಲಿ ಇಲ್ಲಿ ಇದ್ದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದವನು. ಕಾಲದ ರುಚಿ ಬೇರೆ ಕಡೆಗೆ ತಿರುಗಿತ್ತು; ಅವನ ಸಂಗೀತವನ್ನು ಕೇಳುವವರು ಕಡಿಮೆ, ಪ್ಲೇಟು ಮಾಡುವವರು ಇನ್ನೂ ಕಡಿಮೆ. ಕೈ ಬರಿದು, ಎದೆಯ ಬೇನೆ. ೧೯೪೬ರಲ್ಲಿ ಈ ಮುದುಕನಿಗೆ ತಾನು ಕಂಡೂ ಇರದ ಊರಿನಿಂದ ಮಾತು ಬಂತು: ನಿಮ್ಮ ಕೃತಿಗಳನ್ನೆಲ್ಲ ನೀವೇ ನುಡಿಸಿ, ಖರ್ಚು ಮೈಸೂರಿನದು. ಮಹಾರಾಜರು ಇದಕ್ಕಾಗಿ ಒಂದು ಸಂಗೀತ ಪ್ರತಿಷ್ಠಾನವನ್ನೇ ಏರ್ಪಡಿಸಿದರು. ಎಚ್. ಎಂ. ವಿ. ಯವರು ‘ಮೆಟ್ನರ್ ಸೊಸೈಟಿ’ ಎಂಬ ಹೆಸರಿನಲ್ಲಿ ಮೂರು ದೊಡ್ಡ ಸಂಪುಟಗಳನ್ನು ತಂದರು. ಮೂರು ಪಿಯಾನೋ ಕಂಚೆರ್ಟೋಗಳು, ಲೆಗ್‌ನ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ, ಸೊನಾಟಗಳು, ಹಾಡುಗಳು, ಅವುಗಳಲ್ಲಿ ಕೆಲವು ಶ್ವಾರ್ಟ್ಸ್‌ಕಾಫಳ ಕಂಠದಲ್ಲಿ. ಮೆಟ್ನರ್ ತನ್ನ ಮೂರನೆಯ ಕಂಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ೧೯೫೧ರ ನವೆಂಬರಿನಲ್ಲಿ ಅವನು ತೀರಿಕೊಂಡ. ಇನ್ನು ಐದಾರು ವರ್ಷ ತಡವಾಗಿದ್ದರೆ ಅವನ ಬೆರಳುಗಳು ಇಂದು ನಮಗೆ ಇಷ್ಟು ವಿಸ್ತಾರವಾಗಿ ದೊರೆಯುತ್ತಿರಲಿಲ್ಲ.

ಲೆಗ್ ಮೈಸೂರಿಗೆ ಬಂದದ್ದು ಇಂಥ ಕೆಲಸಗಳ ಮಾತುಕತೆಗೇ. ಆಗ ಇನ್ನೂ ಒಂದು ಒಪ್ಪಂದವಾಯಿತು: ಫಿಲ್ಹಾರ್ಮೋನಿಯಾಗೆ ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷ. ಮಹಾರಾಜರು ಕೇಳಬಯಸಿದ, ಅಂಗಡಿಯಲ್ಲಿ ಸಿಕ್ಕದ ಕೃತಿಗಳು—ಬಾಲಕಿರೆವನ ಸಿಂಫನಿ, ರೂಸೆಲನ ನಾಲ್ಕನೆಯ ಸಿಂಫನಿ—೧೯೪೯ರಲ್ಲಿ ಕಾರಾಯಾನನ ಕೈಕೆಳಗೆ ಮುದ್ರಣವಾದವು. ಫಿಲ್ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರೂ ಮಹಾರಾಜರೇ. ಇಂದು ಜಗತ್ಪ್ರಸಿದ್ಧವಾದ ಆ ವಾದ್ಯವೃಂದದ ಎಳೆತನದ ಹಾಲಿನಲ್ಲಿ ಮೈಸೂರಿನ ಪಾಲಿದೆ.

ಇಲ್ಲಿ ಓದುಗರಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದು ನನಗೆ ಕಾಣುತ್ತಿದೆ. ಮೈಸೂರಿನ ಹಣ ಲಂಡನ್ನಿನ ವಾದ್ಯಗಾರರಿಗೇಕೆ? ಈ ಆಕ್ಷೇಪಣೆ ನನ್ನದಲ್ಲ. ಸಂಗೀತಕ್ಕೆ ಕೊಟ್ಟದ್ದು ಸಂಗೀತಕ್ಕೆ ಸಂದಿತು. ಅರಮನೆಗಳ ಹಣ ಕುದುರೆಗಳಿಗೂ ಹುಲಿಬೇಟೆಗೂ ಹೋದದ್ದನ್ನು ಬಲ್ಲೆವು. ನನ್ನ ಕೊರಗು ಬೇರೆ. ಮೆಟ್ನರನಿಗೆ ಮೂರು ಸಂಪುಟಗಳು ಬಂದವು. ಅದೇ ಅರಮನೆಯಲ್ಲಿ ಮಹಾರಾಜರಿಗೇ ವೀಣೆ ಹೇಳಿಕೊಟ್ಟ ವೆಂಕಟಗಿರಿಯಪ್ಪನವರಿಗೆ ಅಂಥದೊಂದು ಸಂಪುಟವಿಲ್ಲ. ಮನಸ್ಸಿರಲಿಲ್ಲವೆಂದು ನಾನು ಹೇಳಲಾರೆ. ಆ ವರ್ಷಗಳಲ್ಲಿಯೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ರಚಿಸಿದರು. ವ್ಯತ್ಯಾಸವಿದ್ದದ್ದು ನಾಲ್ಕು ನಿಮಿಷದ ಪ್ಲೇಟಿನಲ್ಲಿ. ಕಂಚೆರ್ಟೋ ಬರೆದಿಟ್ಟ ಸಂಗೀತ. ಅದನ್ನು ಒಂಬತ್ತು ತುಂಡು ಮಾಡಬಹುದು. ನಾಳೆ ಬೆಳಿಗ್ಗೆ ಬಂದು, ನಿನ್ನೆ ಬಿಟ್ಟ ಸ್ವರದಿಂದಲೇ ಮತ್ತೆ ಹಿಡಿಯಬಹುದು. ತೋಡಿಯ ಆಲಾಪನೆಯನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿ, “ಸ್ವಾಮಿ, ಇಲ್ಲಿಂದ ಮುಂದಕ್ಕೆ ನಾಳೆ” ಎಂದರೆ ವಿದ್ವಾಂಸರು ವೀಣೆಯನ್ನು ಚೀಲಕ್ಕೆ ಹಾಕಿ ಎದ್ದುಹೋಗಬೇಕಷ್ಟೆ. ರಾಗಕ್ಕೆ ಬಿಟ್ಟ ಜಾಗವೆಂಬುದಿಲ್ಲ. ಒಂದು ಪಕ್ಕ ಇಪ್ಪತ್ತು ನಿಮಿಷಕ್ಕೂ ಮಿಕ್ಕು ನಡೆಯುವ ಎಲ್. ಪಿ. ಪ್ಲೇಟು ಅಮೆರಿಕದಲ್ಲಿ ೧೯೪೮ರಲ್ಲೇ ಹೊರಟರೂ, ಎಚ್. ಎಂ. ವಿ. ಯ ಇ. ಎಂ. ಐ. ಅದನ್ನು ಇಂಗ್ಲೆಂಡಿನಲ್ಲಿ ತಂದದ್ದು ೧೯೫೨ರಲ್ಲಿ. ಅಷ್ಟು ಹೊತ್ತಿಗೆ ಮೈಸೂರು ಸಂಸ್ಥಾನ ಗಣರಾಜ್ಯದಲ್ಲಿ ಸೇರಿ, ಮಹಾರಾಜರು ರಾಜಪ್ರಮುಖರಾಗಿ, ಕೊಡುವ ಕೈ ಕಿರಿದಾಗಿತ್ತು. ಯಂತ್ರ ಒದಗಿದಾಗ ಹಣವಿಲ್ಲ, ಹಣವಿದ್ದಾಗ ಯಂತ್ರವಿಲ್ಲ.

ಸ್ಪೀಕರಿನ ಕಥೆಗೆ ಮರಳುತ್ತೇನೆ. ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಒಂದು ಕಚೇರಿ ನಡೆಯಿತು. ಹಿಂದಿನ ವರ್ಷ ತೀರಿಕೊಂಡ ರಿಚರ್ಡ್ ಸ್ಟ್ರಾಸ್ ಬರೆದಿಟ್ಟುಹೋಗಿದ್ದ ಕಡೆಯ ನಾಲ್ಕು ಹಾಡುಗಳನ್ನು ಅಂದು ಮೊದಲ ಬಾರಿಗೆ ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದಳು. ಫಿಲ್ಹಾರ್ಮೋನಿಯಾವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಈ ಕಚೇರಿಗೆ ೪,೮೦೦ ಡಾಲರುಗಳ ಭರವಸೆ ಕೊಟ್ಟವರು ಮೈಸೂರು ಮಹಾರಾಜರು. ಅವರು ಅಲ್ಲಿರಲಿಲ್ಲ. ಆ ಹಾಡುಗಳು ಧ್ವನಿಮುದ್ರಣವಾಗಿ ತಮ್ಮ ಭಂಡಾರಕ್ಕೆ ಬರಬೇಕೆಂಬುದು ಅವರ ಇಚ್ಛೆ; ಹಾಗೆಯೇ ಮುದ್ರಿಸಿ ಮೈಸೂರಿಗೆ ಕಳುಹಿಸಿದರು. ಆಲ್ಬರ್ಟ್ ಹಾಲಿನ ಸಾವಿರಾರು ಮಂದಿ ಒಂದು ಸಂಜೆ ಕೇಳಿದ್ದನ್ನು ಸಮುದ್ರದ ಈಚೆ ಒಂದು ಕೊಠಡಿ ಬೇಕೆಂದಾಗ ಕೇಳಬಹುದಾಗಿತ್ತು.

ಆದರೆ ಆ ಹಾಡುಗಳನ್ನು ಹಿಡಿದದ್ದು ಅರಗಿನ ಪ್ಲೇಟಿನ ಮೇಲಲ್ಲ, ಅಸಿಟೇಟ್ ಎಂದು ಕರೆಯುವ ಬಿಲ್ಲೆಗಳ ಮೇಲೆ. ಲೋಹದ ತಟ್ಟೆಗೆ ಮೆತುವಾದ ಲೇಪ ಹಚ್ಚಿ, ಅದರ ಮೇಲೆ ನೇರವಾಗಿ ಕೊರೆಯುವ ಪದ್ಧತಿ ಅದು. ಅಚ್ಚು ತೆಗೆಯುವ ಗೋಜಿಲ್ಲ, ಕೊರೆದ ಕೂಡಲೆ ಕೇಳಬಹುದು. ಕೇಳಿದಷ್ಟೂ ಸವೆಯುತ್ತದೆ. ಆ ಕಾಲದ ಭಾರವಾದ ಮುಳ್ಳು ಒಂದೊಂದು ಸಲ ಹರಿದಾಗಲೂ ಕಣದಷ್ಟು ನಾದವನ್ನು ಕೆರೆದುಕೊಂಡೇ ಹೋಗುತ್ತದೆ, ಎತ್ತರದ ಸ್ವರಗಳನ್ನು ಮೊದಲು. ಸಂಗೀತವನ್ನು ಹೆಚ್ಚು ಪ್ರೀತಿಸಿದವನು ಹೆಚ್ಚು ಸವೆಸುತ್ತಾನೆ. ಹೆಚ್ಚು ಒಳ್ಳೆಯ ಸ್ಪೀಕರು ಇದ್ದವನಿಗೆ ಆ ಸವೆತ ಹೆಚ್ಚು ಬೇಗ ತಿಳಿಯುತ್ತದೆ. ಆ ಬಿಲ್ಲೆಗಳಿಂದ ಮೊದಲ ಸಲ ಎಲ್. ಪಿ. ಮಾಡುವ ಹೊತ್ತಿಗೆ ಅವು ತೀರ ಹಾಳಾಗಿದ್ದವು, ಕೇಳಿದವರು ಬೇಸರಪಟ್ಟರು.

ಆಮೇಲೆ ಸ್ಪೀಕರುಗಳು ಬಹಳ ದೂರ ನಡೆದವು. ೧೯೫೪ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಕಾಗದಕ್ಕೆ ಬುಗ್ಗೆಯಾಗಿ ಮಾಡಿ, ಪುಸ್ತಕದ ಕಪಾಟಿನಲ್ಲಿ ಹಿಡಿಯುವ ಪೆಟ್ಟಿಗೆಯಿಂದ ಬೀರುವಿನಂಥ ಮಂದ್ರವನ್ನು ಹೊರಡಿಸಿದ. ೧೯೫೭ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ಪೆಟ್ಟಿಗೆಯನ್ನೇ ತೆಗೆದುಹಾಕಿ, ಶಂಕುವನ್ನೂ ತೆಗೆದುಹಾಕಿ, ತೆಳುವಾದ ಹಾಳೆಯೊಂದನ್ನು ಸ್ಥಿರವಿದ್ಯುತ್ತಿನಿಂದ ನಡುಗಿಸುವ ಕ್ವಾಡ್ ಸ್ಪೀಕರನ್ನು ಮಾರಿದ. ಕಂಠಕ್ಕೂ ಪಿಟೀಲಿಗೂ ಅದನ್ನು ಮೀರಿಸಿದ್ದಿಲ್ಲವೆನ್ನುವವರು ಇಂದಿಗೂ ಉಂಟು. ೧೯೫೮ರಲ್ಲಿ ಸ್ಟೀರಿಯೋ ಪ್ಲೇಟು ಬಂದು ಪ್ರತಿ ಕೊಠಡಿಗೂ ಒಂದರ ಬದಲು ಎರಡು ಬೇಕಾಯಿತು. ಒಂದೇ ಮೂಲೆಗೆ ಹೊಂದಿಸಿ ಕಟ್ಟಿದ್ದ ದೊಡ್ಡ ಕಹಳೆಗಳು ಎಷ್ಟೋ ಮನೆಗಳಲ್ಲಿ ಮೂಲೆಗುಂಪಾದವು. ಇವುಗಳ ನಡುವೆ ಬ್ರಿಗ್ಸ್‌ ಎಡಿಸನ್ನನ ಹಳೆಯ ಆಟವನ್ನೇ ಮತ್ತೆ ಹೂಡಿದ. ೧೯೫೪ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನ ವೇದಿಕೆಯ ಮೇಲೆ ಜೀವಂತ ಸಂಗೀತಗಾರರನ್ನೂ ಸ್ಪೀಕರನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿದ. ವಿಲ್ಚರನೂ ಫೈನ್ ಆರ್ಟ್ಸ್ ಕ್ವಾರ್ಟೆಟ್ಟನ್ನು ಕೂರಿಸಿಕೊಂಡು ಹಾಗೆಯೇ ಮಾಡಿದ. ಪ್ರತಿ ಸಲವೂ ಸಭೆ ತಲೆದೂಗಿತು. ಎಡಿಸನ್ನನ ಸಭೆಯೂ ತಲೆದೂಗಿತ್ತಷ್ಟೆ.

ಮಹಾರಾಜರು ೧೯೭೪ರಲ್ಲಿ ತೀರಿಕೊಂಡರು. ಫ್ಲಾಗ್‌ಸ್ಟಾಡಳ ಆ ಸಂಜೆಯ ಬಿಲ್ಲೆಗಳನ್ನು ೨೦೦೭ರಲ್ಲಿ ಆಕೆಯ ಹೆಸರಿನ ನಾರ್ವೆಯ ವಸ್ತುಸಂಗ್ರಹಾಲಯಕ್ಕಾಗಿ ಹೊಸ ವಿದ್ಯೆಯಿಂದ ತೊಳೆದು ತೆಗೆದರು. ೨೦೧೪ರಲ್ಲಿ ಮತ್ತೊಬ್ಬರು ಇನ್ನೊಮ್ಮೆ ಆ ಕೆಲಸ ಮಾಡಿದರು. ಹಳೆಯ ಎಲ್. ಪಿ. ಯಲ್ಲಿ ಕೆದರಿದ ಸದ್ದಿನ ಹಿಂದೆ ಎಲ್ಲಿಯೋ ಇದ್ದ ಆ ದೊಡ್ಡ ಕಂಠ ಈಗ ಒಂದೆರಡು ಹೆಜ್ಜೆ ಮುಂದೆ ಬಂದಿದೆ. ಸವೆದುಹೋದದ್ದು ಹೋಯಿತು, ಅದನ್ನು ಯಾವ ಸ್ಪೀಕರೂ ತಾರದು, ಕಿವಿ ಊಹಿಸಿಕೊಂಡರೆ ಉಂಟು.

ಮೆಟ್ನರನ ಪ್ಲೇಟುಗಳ ಅದೃಷ್ಟ ಇದಕ್ಕಿಂತ ಮೇಲು. ಅವುಗಳಿಗೆ ಲೋಹದ ಅಚ್ಚು ಇತ್ತು, ಪ್ರತಿಗಳು ಹಲವು ಇದ್ದವು; ೧೯೯೦ರ ದಶಕದಲ್ಲಿ ಅವು ಸಿ. ಡಿ. ಗಳಾಗಿ ಮರಳಿ ಬಂದವು. ಮೂರನೆಯ ಕಂಚೆರ್ಟೋವನ್ನು ಈಗ ಒಂದೇ ಉಸಿರಿಗೆ ಕೇಳಬಹುದು. ಆದರೂ ಒಳ್ಳೆಯ ಸ್ಪೀಕರಿನ ಮುಂದೆ ಸುಮ್ಮನೆ ಕುಳಿತು ಕೇಳಿದರೆ, ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ಹಿನ್ನೆಲೆಯ ಸುಯ್ದಾಟ ಕೂದಲೆಳೆಯಷ್ಟು ಬದಲಾಗುತ್ತದೆ. ಎಷ್ಟು ಜಾಣತನದಿಂದ ಹೊಲಿದಿದ್ದರೂ ಹೊಲಿಗೆ ತಿಳಿಯುತ್ತದೆ. ಅರಮನೆಯ ಕೊಠಡಿಯಲ್ಲಿ ಪ್ಲೇಟು ತಿರುವಿ ಹಾಕಲು ಯಾರೋ ಎದ್ದ ಜಾಗ ಅದು.